ಬುತ್ತಿ ಬಿಚ್ಚಿದ ತಪ್ಪಿಗೆ

ಊರ ಹೊರಗೆ ಎಲ್ಲಿಯಾದರೂ ಕುಳಿತು ರೊಟ್ಟಿಯ ಗಂಟು ಬಿಚ್ಚಿದರೆ ನಾನು ಮೊದಲು ಸುತ್ತಲೂ ನೋಡುತ್ತೇನೆ. ಹತ್ತಿರದಲ್ಲಿ ಯಾರಾದರೂ ಗುರುತಿನವರು ಇದ್ದರೆ ಕರೆಯಬೇಕಲ್ಲ. ನಮ್ಮ ಹಾನಗಲ್ಲ ಕಡೆಯವರೆಲ್ಲರೂ ಹಾಗೆಯೇ ನೋಡುತ್ತಾರೆ. ಆದರೆ ನನ್ನ ನೋಟದಲ್ಲಿ ಒಂದಿಷ್ಟು ಅಂಜಿಕೆಯೂ ಇರುತ್ತದೆ. ಹಾಗೆ ಕರೆದು ರೊಟ್ಟಿ ಕೊಟ್ಟದ್ದು ಒಮ್ಮೆ ನನಗೆ ಎಷ್ಟು ತುಟ್ಟಿ ಬೀಳುವುದರಲ್ಲಿತ್ತು ಎಂಬುದನ್ನು ಹೇಳಿದರೆ ನನ್ನ ತಮ್ಮನ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನಗಲಿ. ಈಗ ನಾನೂ ನಗುತ್ತೇನೆ. ಆಗ ನಕ್ಕಿರಲಿಲ್ಲ.

ನನ್ನ ತವರು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿ. ನಾನು ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆ, ಪಾಸಾದವಳು. ಹೆಣ್ಣುಮಕ್ಕಳಿಗೆ ಅದು ಆಗ ಸಣ್ಣ ಮಾತಾಗಿರಲಿಲ್ಲ. ಸಂತೆಗೆ ಹೋದ ಅಪ್ಪ ಗುರುತಿಲ್ಲದವರ ಮುಂದೆಯೂ ನನ್ನ ಪಾಸಿನ ಸುದ್ದಿ ಹೇಳಿ ಬರುತ್ತಿದ್ದ. ಕನ್ನಡ ನಾಡು ಒಂದಾದ ಮರುವರ್ಷ ನನ್ನ ಮದುವೆಯಾಯಿತು. ಗಂಡನ ಮನೆ ಸವಣೂರು ತಾಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿನಿಂದ ಒಂದು ಹರದಾರಿ ದೂರ. ಹೊಲ ಇತ್ತು, ಎಲೆಬಳ್ಳಿಯ ತೋಟ ಇತ್ತು, ಉಣ್ಣಲು ಉಡಲು ಯಾವ ಕೊರತೆಯೂ ಇರಲಿಲ್ಲ. ಮಧ್ಯಾಹ್ನದ ಗಾಡಿಯ ಸಿಳ್ಳು ಕೇಳಿದರೆ ಅತ್ತೆ ಒಲೆಗೆ ಅನ್ನದ ಎಸರು ಇಡುತ್ತಿದ್ದರು.

ತಪ್ಪು ಮೊದಲು ನನ್ನಿಂದಲೇ ಆಯಿತು. ಮದುವೆಯಾಗಿ ತಿಂಗಳು ತುಂಬಿರಲಿಲ್ಲ. ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ಎಲ್ಲಿಂದಲೋ ಒಂದು ಪತ್ರ ಬಂದಿತ್ತು. ನನ್ನ ಯಜಮಾನರು ಅದನ್ನು ದೊಡ್ಡದಾಗಿ ಓದಿ ಹೇಳುತ್ತಿದ್ದರು. ನಡುವೆ ಒಂದು ಕಡೆ ತಡವರಿಸಿದರು, ಮತ್ತೆ ಮೊದಲಿನಿಂದ ಓದಿದರು, ಮತ್ತೆ ಅಲ್ಲಿಯೇ ನಿಂತರು. ಚಹಾದ ಬಸಿ ಇಡಲು ಬಗ್ಗಿದ ನಾನು ಎದುರಿನಿಂದ, ಅಕ್ಷರ ತಲೆಕೆಳಗಾಗಿ ಕಾಣುತ್ತಿದ್ದರೂ, ಆ ಸಾಲನ್ನು ಗಡಗಡನೆ ಓದಿಬಿಟ್ಟೆ. ಬೀಗರೆಲ್ಲ ಹೋ ಎಂದು ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಜಾಣೆ ಎನಿಸಿಕೊಳ್ಳುವ ಹುಚ್ಚು ಆಗ ನನಗೆ ಬಹಳ ಇತ್ತು.

ಅಂದಿನಿಂದ ಅವರು ನನ್ನ ಕೂಡ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ, ಹೊರಗೆ ಹಾಕಲಿಲ್ಲ. ಸುಮ್ಮನೆ ಮಾತು ಬಿಟ್ಟರು, ಅಷ್ಟೇ. ಏನಾದರೂ ಬೇಕಾದರೆ ತಾಯಿಗೆ ಹೇಳುತ್ತಿದ್ದರು, "ಅಕಿಗೆ ಹೇಳು, ನೀರು ತರ್ಲಿ." ನಾನು ಎದುರಿಗೇ ನಿಂತಿರುತ್ತಿದ್ದೆ. ಮನೆಯಲ್ಲಿ ತಾಯಿ ಇಲ್ಲದಿದ್ದರೆ ಹರಿದ ಅಂಗಿಯನ್ನು ನನ್ನ ಮುಂದೆ ಇಟ್ಟು, ಅಂಗಿಗೇ ಹೇಳುವವರಂತೆ, "ಗುಂಡಿ ಹಚ್ಚಬೇಕಿದಕ" ಎಂದು ಹೊರಟುಹೋಗುತ್ತಿದ್ದರು. ಮೊದಮೊದಲು ನನಗೆ ಇದು ಆಟದಂತೆ ಕಂಡಿತು. ಎಷ್ಟು ದಿನ ನಡೆದೀತು ನೋಡೋಣ ಎಂದುಕೊಂಡೆ. ತಪ್ಪಾಯಿತು ಎಂದು ಹತ್ತು ಸಲ ಹೇಳಿದೆ. ನನ್ನ ತಪ್ಪೊಪ್ಪಿಗೆ ಎದುರಿನ ಗೋಡೆಗೆ ಹೋಗಿ ಮುಟ್ಟಿತೋ ಅವರಿಗೆ ಮುಟ್ಟಿತೋ ತಿಳಿಯಲಿಲ್ಲ.

ಒಂದು ದಿನ ರೊಚ್ಚಿಗೆದ್ದು ಬದನೆಕಾಯಿ ಪಲ್ಯಕ್ಕೆ ಹಿಡಿ ತುಂಬ ಖಾರದ ಪುಡಿ ಸುರಿದೆ. ಇವತ್ತಾದರೂ ಬಾಯಿ ತೆರೆದು ಬೈಯಲಿ ಎಂದು ಬಡಿಸಿ ಬಾಗಿಲಲ್ಲಿ ನಿಂತೆ. ಮೊದಲ ತುತ್ತಿಗೇ ಅವರ ಕಣ್ಣಲ್ಲಿ ನೀರು ಬಂತು. ತಾಟನ್ನು ತಾಯಿಯ ಕಡೆಗೆ ಸರಿಸಿ, "ಅಕಿಗೆ ಹೇಳು, ಖಾರ ಭಾಳ ಆಗೇತಿ ಅಂತ" ಎಂದರು. ಅವತ್ತು ನಾನು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಅತ್ತೆ. ಬೈಗುಳವನ್ನು ಬೇಡಿಕೊಂಡು ಅತ್ತವಳು ಆ ಊರಲ್ಲಿ ನಾನೊಬ್ಬಳೇ ಇರಬೇಕು.

ಮೂರು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ಅತ್ತೆ ತೀರಿಕೊಂಡರು. ನಮ್ಮ ನಡುವೆ ಮಾತು ದಾಟಿಸುತ್ತಿದ್ದ ಒಂದೇ ಒಂದು ಜೀವ ಹೋಯಿತು. ಆಮೇಲೆ ಆ ಮನೆಯಲ್ಲಿ ಪಾತ್ರೆಗಳ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇರಲಿಲ್ಲ. ಒಂದು ಮಧ್ಯಾಹ್ನ ಅಡಿಗೆ ಮುಗಿಸಿ, ಒಲೆಯ ಕಡೆ ನೋಡುತ್ತ, "ಅವರಿಗೆ ಹೇಳು, ಊಟಕ್ಕ ಬರ್ಲಿ ಅಂತ" ಎಂದು ನಾನು ನನ್ನ ಬಾಯಿಂದಲೇ ಹೇಳಿದ್ದು ನನಗೆ ಕೇಳಿಸಿತು. ಇನ್ನು ಇಲ್ಲಿದ್ದರೆ ನನಗೆ ತಲೆ ಕೆಡುತ್ತದೆ ಎಂದು ಗೊತ್ತಾಯಿತು. ಪಂಚಮಿಗೆ ಕರೆಯಲು ಬಂದ ಅಪ್ಪನ ಜೊತೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ.

ನಮ್ಮವರಲ್ಲಿ ಗಂಡ ಹೆಂಡತಿಗೆ ಸರಿಬರದಿದ್ದರೆ ಊರ ಹಿರಿಯರನ್ನು ಕೂಡಿಸಿ ಸೋಡಚೀಟಿ ಬರೆಸಿಕೊಳ್ಳುವ ರೂಢಿ ಇತ್ತು. ಬಿಟ್ಟೆ ಎಂದು ಗಂಡ ಬರೆದುಕೊಟ್ಟರೆ ಹೆಣ್ಣು ಬಿಡುಗಡೆಯಾದಂತೆ. ಕೋರ್ಟು ಕಚೇರಿಯ ಗೊಡವೆ ಇರಲಿಲ್ಲ. ಹಿರಿಯರು ಸೇರಿದರು, ನನ್ನ ಯಜಮಾನರೂ ಬಂದು ಕುಳಿತರು. "ನಾ ಏನ ಕಡಿಮಿ ಮಾಡೇನಿ ಕೇಳ್ರಿ ಅಕಿಗೆ" ಎಂದರು. ಹಿರಿಯರು ನನ್ನ ಕಡೆ ನೋಡಿದರು. ಏನು ಕಡಿಮೆ ಮಾಡಿದ್ದರು? ಮಾತಾಡೂದಿಲ್ಲ ಎಂದೆ. ಒಬ್ಬರು ಮುದುಕರು ಮೀಸೆಯಲ್ಲೇ ನಕ್ಕರು. ಸೋಡಚೀಟಿ ಕೊಡುವುದಿಲ್ಲ ಎಂದು ಯಜಮಾನರು ಎದ್ದು ಹೋದರು. ಹಿರಿಯರು ರುಮಾಲು ಝಾಡಿಸಿಕೊಂಡು ಎದ್ದರು. ಅಪ್ಪ ಮಾತ್ರ ಅಲ್ಲಿಯೇ ಕುಳಿತು, "ಈಗ ಹೊಸಾ ಕಾಯ್ದೆ ಬಂದೈತಂತ. ಕೋರ್ಟಿಗೆ ಹೋಗೂಣು ಯವ್ವಾ" ಎಂದ. ತನ್ನ ಜನ್ಮದಲ್ಲಿ ಕೋರ್ಟಿನ ಕಟ್ಟೆ ಹತ್ತದ ಮನುಷ್ಯ!

ಹಾನಗಲ್ಲಿನ ನಮ್ಮ ವಕೀಲರು ಎಲೆಅಡಿಕೆ ಹಾಕಿಕೊಳ್ಳುವ, ಬೋಳುತಲೆಯ, ಮಾತುಗಾರ ಮನುಷ್ಯ.

"ಹೊಡದಾರೇನವ್ವಾ?" ಎಂದು ಕೇಳಿದರು.

"ಇಲ್ಲರಿ."

"ಬೈದಾರೇನು?"

"ಬೈದಿದ್ರ ಛಲೋ ಆಗ್ತಿತ್ತರಿ."

"ಮತ್ತ ಏನಂತ ಬರೀಲಿ ನಾ? ನನ್ನ ಹೇಣ್ತಿ ಒಂದ ದಿನ ಸುಮ್ಮನ ಕುಂತ್ರ ನಾ ದೇವರಿಗೆ ಕಾಯಿ ಒಡಸ್ತೇನಿ."

ಅವರ ಕಾರಕೂನ ನಕ್ಕ. ನನ್ನ ಮುಖ ನೋಡಿದ ವಕೀಲರು ನಗು ನಿಲ್ಲಿಸಿ, ಪೆನ್ನು ಕೆಳಗಿಟ್ಟು, "ಹೇಳವ್ವಾ, ಮೊದಲಿಂದ ಹೇಳು" ಎಂದರು. ಒಲೆಯ ಕೂಡ ಮಾತಾಡಿದ ಸಂಗತಿಯವರೆಗೂ ಹೇಳಿದೆ. ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಕುಳಿತರು. ಆಮೇಲೆ ಕಾಯ್ದೆಯ ದಾರಿ ತಿಳಿಸಿದರು. ಮೊದಲು ಗಂಡನಿಂದ ಬೇರೆ ಇರಲು ಡಿಕ್ರಿ ಕೇಳಬೇಕು, ಅದಕ್ಕೆ ಅವನ ಕ್ರೂರತನ ತೋರಿಸಬೇಕು. ಡಿಕ್ರಿ ಆಗಿ ಎರಡು ವರ್ಷ ಇಬ್ಬರೂ ಕೂಡದಿದ್ದರೆ ಆಮೇಲೆ ಪೂರ್ತಿ ಬಿಡುಗಡೆ. ಮಾತಾಡದಿರುವುದು ಕ್ರೂರತನ ಹೌದೋ ಅಲ್ಲವೋ, ಅದನ್ನು ಸಾಹೇಬರೇ, ಅಂದರೆ ನ್ಯಾಯಾಧೀಶರೇ, ಹೇಳಬೇಕು.

ದೊಡ್ಡ ಕೋರ್ಟಿನ ಸಾಹೇಬರು ತಿಂಗಳಿಗೊಮ್ಮೆ ಹಾನಗಲ್ಲಿಗೆ ಕ್ಯಾಂಪ್ ಬರುತ್ತಿದ್ದರು. ಆ ತಾರೀಕಿನ ದಿನಗಳನ್ನು ನೆನೆದರೆ ಇಂದಿಗೂ ನನಗೆ ಹಬ್ಬದ ದಿನ ನೆನೆದಂತೆ ಆಗುತ್ತದೆ. ಇದೇನು ವಿಚಿತ್ರ ಎನ್ನಬೇಡಿ. ನನ್ನ ಪಾಲಿಗೆ ಇಡೀ ದಿನ ಅಪ್ಪನೊಬ್ಬನೇ ಜೊತೆಗೆ ಸಿಕ್ಕಿದ್ದು ಆಗಲೇ. ಅವ್ವ ನಸುಕಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶೇಂಗಾ ಚಟ್ನಿ, ಪಲ್ಯ, ಸಣ್ಣ ಗಡಿಗೆಯಲ್ಲಿ ಮೊಸರು, ಎಲ್ಲವನ್ನೂ ಬಿಳಿ ವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದಳು. ಅಪ್ಪ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು, ಅಕ್ಕಿಆಲೂರಿನ ಬಸ್ಸಿನಲ್ಲಿ ನನಗೆ ಕಿಟಕಿಯ ಕಡೆ ಸೀಟು ಬಿಟ್ಟುಕೊಡುತ್ತಿದ್ದ. ಎರಡೂ ಕಡೆ ಹಸಿರು ಗದ್ದೆ. ಬತ್ತದ ಬೆಳೆ ನೋಡುತ್ತ, ಇದು ಯಾರ ಹೊಲ, ಇದಕ್ಕೆ ಗೊಬ್ಬರ ಸಾಲದು ಎಂದು ಅವನು ಹೇಳುತ್ತಲೇ ಇರುತ್ತಿದ್ದ. ಮೂರು ವರ್ಷ ಮಾತಿಲ್ಲದ ಮನೆಯಲ್ಲಿ ಇದ್ದ ನನಗೆ ಆ ಗೊಬ್ಬರದ ಮಾತು ಎಷ್ಟು ಕೇಳಿದರೂ ಸಾಲುತ್ತಿರಲಿಲ್ಲ.

ಕೋರ್ಟಿನ ಅಂಗಳದಲ್ಲಿ ಒಂದೇ ಒಂದು ಬೇವಿನ ಮರ. ಇಡೀ ತಾಲೂಕಿನ ವಾದಿ ಪ್ರತಿವಾದಿಗಳಿಗೆಲ್ಲ ಅದೊಂದೇ ನೆರಳು. ಹೊಲದ ಬದುವಿಗಾಗಿ ಹತ್ತು ವರ್ಷ ಬಡಿದಾಡುತ್ತಿದ್ದ ಅಣ್ಣತಮ್ಮಂದಿರು ಅದೇ ಮರದ ಬುಡದಲ್ಲಿ ಒಬ್ಬರ ಸಂಚಿಯಿಂದ ಒಬ್ಬರು ಎಲೆ ಹಾಕಿಕೊಳ್ಳುತ್ತಿದ್ದರು. ಪಟ್ಟೇವಾಲಾ ಬಾಗಿಲಿಗೆ ಬಂದು ಹೆಸರು ಹಿಡಿದು ಮೂರು ಸಲ ಕೂಗಿದ ಕೂಡಲೇ ಮತ್ತೆ ವೈರಿಗಳಾಗಿ ಒಳಗೆ ಹೋಗುತ್ತಿದ್ದರು.

ಎರಡನೆಯ ತಾರೀಕಿನ ದಿನ ನನ್ನ ಯಜಮಾನರೂ ಆ ಮರದ ಆಚೆ ಬದಿಯಲ್ಲಿ ಕುಳಿತಿದ್ದರು. ನಸುಕಿನಲ್ಲೇ ಮನೆ ಬಿಟ್ಟು, ಸವಣೂರಿನಿಂದ ಶಿಗ್ಗಾಂವಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಬುತ್ತಿ ಇರಲಿಲ್ಲ. ಕಟ್ಟಿಕೊಡುವವರು ಯಾರಿದ್ದರು? ಅಪ್ಪ ರೊಟ್ಟಿ ಮುರಿದ, ಬಾಯಿಗೆ ಒಯ್ಯಲಿಲ್ಲ. ನನ್ನ ಮುಖ ನೋಡಿದ, ಆ ಕಡೆ ನೋಡಿದ. ಕೊನೆಗೆ "ಬರ್ರಿ, ಬುತ್ತಿ ಬಿಚ್ಚೇವಿ. ಒಂದ ತುತ್ತು ಉಣಬರ್ರಿ" ಎಂದು ಕರೆದ. ಅವರು ಎದ್ದು ಬಂದು ಕುಳಿತರು. ನಾನು ಬಡಿಸಿದೆ. ಎರಡು ರೊಟ್ಟಿ ಮುಗಿದ ಮೇಲೆ ಅವರು ಅಪ್ಪನ ಕಡೆ ನೋಡಿ, "ಇನ್ನೊಂದ ರೊಟ್ಟಿ ಹಾಕಾಕ ಹೇಳ್ರಿ" ಎಂದರು. ಹಾಕಿದೆ.

ಮುಂದಿನ ತಾರೀಕಿಗೆ ನನ್ನ ಸಾಕ್ಷಿ. ಕಟಕಟೆಯಲ್ಲಿ ನಿಂತು ಇದ್ದದ್ದನ್ನೆಲ್ಲ ಹೇಳಿದೆ. ಪತ್ರ ಓದಿ ನಕ್ಕದ್ದನ್ನು ಹೇಳಬೇಡ ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಅದನ್ನೂ ಹೇಳಿದೆ. ಅವರು ಹಣೆ ಒತ್ತಿಕೊಂಡರು. ಆಮೇಲೆ ಎದುರು ವಕೀಲರು ಎದ್ದರು.

"ಹೋದ ತಾರೀಕಿನ ದಿನ ಗಿಡದ ಬುಡಕ ನಿಮ್ಮ ಗಂಡಗ ಊಟಕ್ಕ ಹಾಕೀರಿ, ಹೌದಲ್ಲೋ?"

"ಹೌದ್ರಿ."

"ಎಷ್ಟು ರೊಟ್ಟಿ?"

"ಮೂರು."

"ನಿಮ್ಮ ಕೈಯಾರ ಹಾಕೀರಿ?"

"ಮತ್ತ ಯಾರ ಕೈಲೆ ಹಾಕ್ಲಿರಿ?"

ಅಲ್ಲಿದ್ದವರೆಲ್ಲ ನಕ್ಕರು. ನಾನು ಗೆದ್ದೆ ಎಂದುಕೊಂಡೆ. ಹೊರಗೆ ಬಂದ ಮೇಲೆ ನಮ್ಮ ವಕೀಲರ ಮುಖ ಕಪ್ಪಿಟ್ಟಿತ್ತು. ಗಂಡನ ತಪ್ಪನ್ನು ಹೆಂಡತಿ ಒಮ್ಮೆ ಕ್ಷಮಿಸಿದರೆ ಆ ತಪ್ಪಿನ ಮೇಲೆ ಡಿಕ್ರಿ ಕೇಳುವಂತಿಲ್ಲವಂತೆ. ನಾನು ಕೊಟ್ಟ ಮೂರು ರೊಟ್ಟಿ ಈಗ ಮೂರು ವರ್ಷದ ಮೌನಕ್ಕೆ ಕೊಟ್ಟ ಕ್ಷಮೆ ಎಂದು ಎದುರಿನವರು ಸಾಧಿಸಲು ಹೊರಟಿದ್ದರು. "ಇನ್ನ ಮ್ಯಾಲೆ ಅವರಿಗೆ ಒಂದ ಹನಿ ನೀರೂ ಕೊಡಬ್ಯಾಡ್ರಿ. ಅವರ ಎದುರಿಗೆ ಗಂಟ ಬಿಚ್ಚಬ್ಯಾಡ್ರಿ" ಎಂದು ವಕೀಲರು ಸಿಟ್ಟಿನಿಂದ ಹೇಳಿದರು. ಅಪ್ಪ ಕೈಕಟ್ಟಿ ನಿಂತು, "ಹಸದವರನ್ನ ಕರದದ್ದು ತಪ್ಪೇನ್ರಿ?" ಎಂದು ಕೇಳಿದ.

ಆಮೇಲಿನ ನಾಲ್ಕು ತಾರೀಕುಗಳು ನನ್ನ ಪಾಲಿಗೆ ಬಹಳ ಕೆಟ್ಟವು. ಅವರು ಮರದ ಆಚೆ, ನಾವು ಈಚೆ, ನಡುವೆ ಬಿಚ್ಚದ ಗಂಟು. ಒಮ್ಮೆ ಕೋರ್ಟಿನ ಹಿಂದಿನ ಗೋಡೆಯ ಮರೆಯಲ್ಲಿ ಕುಳಿತು ಕಳ್ಳರಂತೆ ತಿನ್ನಲು ನೋಡಿದೆವು. ಅಪ್ಪನಿಗೆ ತುತ್ತು ಇಳಿಯಲಿಲ್ಲ. "ಬ್ಯಾಡವ್ವಾ, ಮನಿಗೆ ಹೋಗಿ ಉಣ್ಣೂಣು" ಎಂದು ಗಂಟು ಕಟ್ಟಿಬಿಟ್ಟ. ಮೂವರೂ ಉಪವಾಸ ಮಾಡಿ, ಎರಡು ಬಸ್ಸು ಹಿಡಿದು ಎರಡು ಊರಿಗೆ ಹೋಗುತ್ತಿದ್ದೆವು. ನನಗೆ ಸಿಟ್ಟು ಬರುತ್ತಿದ್ದದ್ದು ಗಂಡನ ಮೇಲೆ ಅಲ್ಲ, ಕಾಯ್ದೆಯ ಮೇಲೆ. ಇಬ್ಬರ ಮನಸ್ಸು ಅಳೆಯಲು ಕುಳಿತವರು ಇಬ್ಬರೂ ಒಳ್ಳೆಯವರಾಗಿ ಇರುವ ಒಂದು ಗಳಿಗೆಯನ್ನಾದರೂ ನಮಗೆ ಬಿಡಬಾರದೇ? ಒಬ್ಬರಿಗೊಬ್ಬರು ಕೆಟ್ಟವರಾದರೆ ಮಾತ್ರ ನ್ಯಾಯ ಸಿಗುತ್ತದೆ ಎಂದರೆ ಅದೆಂಥ ನ್ಯಾಯ! ಇಪ್ಪತ್ತೆರಡರ ವಯಸ್ಸಿನಲ್ಲಿ ಇದನ್ನು ಹೀಗೆ ಹೇಳಲು ಬರುತ್ತಿರಲಿಲ್ಲ.

ಯಜಮಾನರ ಸಾಕ್ಷಿಯ ದಿನ ಬಂತು. ಹೆಂಡತಿಯನ್ನು ಮನೆಗೆ ಕರೆದೊಯ್ಯಲು ತಾವು ಇಂದಿಗೂ ತಯಾರು ಎಂದು ಅವರು ಹೇಳಿದರು. ಸಾಹೇಬರು ಮೈಸೂರು ಕಡೆಯವರು, ತೆಳ್ಳಗಿನ, ಮೆಲುದನಿಯ ಮನುಷ್ಯ. ಹಳೆಯ ಕಾಗದ ತಿರುವಿ, ತಮ್ಮ ಶಿರಸ್ತೇದಾರರನ್ನು ಕೇಳಿದರು, "ಈ ರೊಟ್ಟಿ ವಿಷಯ ನನಗೆ ಪೂರ್ತಿ ಅರ್ಥ ಆಗ್ಲಿಲ್ಲ. ನಿಮ್ಮ ಕಡೆ ಬುತ್ತಿ ಬಿಚ್ಚಿದರೆ ಎದುರಿಗೆ ಇರೋರನ್ನ ಕರೀಲೇಬೇಕಾ?"

ಶಿರಸ್ತೇದಾರರು ಬಾಯಿ ತೆರೆಯುವ ಮೊದಲೇ ಹಿಂದೆ ಬೆಂಚಿನ ಮೇಲೆ ಕುಳಿತಿದ್ದ ಕಕ್ಷಿದಾರರೆಲ್ಲ ಒಟ್ಟಿಗೆ "ಹೌದ್ರೀ!" ಎಂದರು. ಪಟ್ಟೇವಾಲಾನೂ ಹೌದೆಂದ. ಎದುರು ವಕೀಲರು ಮಾತ್ರ ಸುಮ್ಮನಿದ್ದರು. ಅವರೂ ನಮ್ಮ ಕಡೆಯವರೇ, ಇಲ್ಲ ಎನ್ನುವುದು ಹೇಗೆ?

ಸಾಹೇಬರು ಸ್ವಲ್ಪ ನಕ್ಕರು. ಆಮೇಲೆ ನನ್ನ ಯಜಮಾನರನ್ನು ಕೇಳಿದರು, "ಮೂರನೇ ರೊಟ್ಟಿ ಬೇಕು ಅಂತ ಯಾರನ್ನ ಕೇಳಿದ್ರಿ?"

"ನಮ್ಮ ಮಾವನವರನ್ನರಿ."

"ಬಡಿಸ್ತಾ ಇದ್ದದ್ದು ಯಾರು?"

"ಅಕೀರಿ."

ಸಾಹೇಬರು ಏನೋ ಬರೆದುಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಮನೆಗೆ ಕರ್ಕೊಂಡು ಹೋಗ್ತೀನಿ ಅಂತೀರಲ್ಲ. ಕರೀರಿ. ಅಲ್ಲೇ ನಿಂತಿದ್ದಾರೆ" ಎಂದರು.

ಅವರು ನನ್ನ ಕಡೆ ತಿರುಗಿದರು. ಎಷ್ಟೋ ವರ್ಷಗಳ ಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿದರು. ಇದನ್ನು ನಾನು ಅಪ್ಪನಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಆ ಹೊತ್ತಿಗೆ ಅವರು "ನಡಿ" ಎಂದು ಒಂದೇ ಒಂದು ಮಾತು ಹೇಳಿದ್ದರೆ ನಾನು ಹೋಗಿಬಿಡುತ್ತಿದ್ದೆ. ವಕೀಲರು, ಡಿಕ್ರಿ, ಮೂರು ವರ್ಷ, ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೋಗುತ್ತಿದ್ದೆ. ಹೇಳಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಅವರು ಕಟಕಟೆಯ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಹಣೆಯ ಮೇಲೆ ಬೆವರು ಬಂತು. ಆಮೇಲೆ ಅವರು ಮೆಲ್ಲಗೆ ಅಪ್ಪನ ಕಡೆ ತಿರುಗಿ, "ಮಾವಾರ, ಅಕಿಗೆ ಹೇಳ್ರಿ, ಮನಿಗೆ ನಡಿ ಅಂತ" ಎಂದರು.

ಯಾರೂ ನಗಲಿಲ್ಲ. ಅಪ್ಪ ತಲೆ ಕೆಳಗೆ ಹಾಕಿದ. ಸಾಹೇಬರು ಅವರನ್ನು ಗದರಿಸಲಿಲ್ಲ, ನನಗೆ ಸಮಾಧಾನವನ್ನೂ ಹೇಳಲಿಲ್ಲ. "ಕೂತ್ಕೊಳ್ಳಿ, ನೀರು ಕುಡೀರಿ" ಎಂದು ಅವರಿಗೆ ಹೇಳಿದರು. ಅಷ್ಟು ಮೆತ್ತಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಮುಂದಿನ ಕ್ಯಾಂಪಿನಲ್ಲಿ ಡಿಕ್ರಿ ಆಯಿತು. ಹೊಡೆತದ ಗುರುತು ಇಲ್ಲದಿದ್ದರೂ ಮನುಷ್ಯರಿಗೆ ತಡೆಯಲಾರದಷ್ಟು ನೋವು ಕೊಡಬಹುದು, ಹಸಿದವರಿಗೆ ಅನ್ನ ಹಾಕಿದ್ದು ಕ್ಷಮೆಯ ಪತ್ರವಲ್ಲ ಎಂದು ಸಾಹೇಬರು ಬರೆದಿದ್ದಾರೆ ಎಂದು ವಕೀಲರು ಓದಿ ಹೇಳಿದರು. ಅವರು ಇಂಗ್ಲಿಷಿನಲ್ಲಿ ಬರೆದದ್ದು ನಮ್ಮ ವಕೀಲರ ಬಾಯಲ್ಲಿ ಎಷ್ಟು ಬೆಳೆಯಿತೋ ನನಗೆ ಗೊತ್ತಿಲ್ಲ. ಬೆಳೆದಿದ್ದರೂ ಚಿಂತೆಯಿಲ್ಲ.

ಆಮೇಲೆ ಎರಡು ವರ್ಷ ಕಾಯುವುದಿತ್ತು. ಅಷ್ಟರಲ್ಲಿ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಅಕ್ಕೋರ ಕೆಲಸ ಸಿಕ್ಕಿತು. ದಿನವೆಲ್ಲ ನಲವತ್ತು ಮಕ್ಕಳ ಗದ್ದಲ. ಬೇರೆ ಅಕ್ಕೋರು ಕೋಲು ಹಿಡಿದು ಸುಮ್ಮನಿರಿ ಎಂದು ಗದರಿಸುತ್ತಿದ್ದರು. ನಾನು ಒಂದು ದಿನವೂ ಗದರಿಸಲಿಲ್ಲ. ನನ್ನ ವರ್ಗದ ಮಕ್ಕಳು ಕೆಟ್ಟುಹೋಗಿವೆ ಎಂದು ತಪಾಸಣೆಗೆ ಬಂದ ಸಾಹೇಬರು ಬರೆದು ಹೋದರು.

ಪೂರ್ತಿ ಬಿಡುಗಡೆಯ ದಿನ ಮತ್ತೆ ಹಾನಗಲ್ಲಿಗೆ ಹೋದೆವು. ಸಾಹೇಬರು ಬದಲಾಗಿದ್ದರು, ಬೇವಿನ ಮರ ಅದೇ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಹೊರಗೆ ಬಂದಾಗ ಅವರು ಅದೇ ಜಾಗದಲ್ಲಿ, ಬರಿಗೈಯಲ್ಲಿ, ಶಿಗ್ಗಾಂವಿಯ ಬಸ್ಸಿನ ಹೊತ್ತು ಕಾಯುತ್ತ ಕುಳಿತಿದ್ದರು. ಅಪ್ಪ ಗಂಟು ಹಿಡಿದುಕೊಂಡೇ ವಕೀಲರ ಹತ್ತಿರ ಹೋದ.

"ಇನ್ನ ಕೊಡಬಹುದೇನ್ರಿ?" ಎಂದು ಕೇಳಿದ.

ವಕೀಲರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವರು ಆಚೆ ಮುಖ ಮಾಡಿ, "ಕೊಡ್ರಿ, ಕೊಡ್ರಿ. ಇನ್ನ ಯಾವ ಕಾಯ್ದೇನೂ ಅಡ್ಡ ಬರೂದಿಲ್ಲ" ಎಂದರು.

ಅಪ್ಪ ಕರೆದ. ಅವರು ಬಂದು ಕುಳಿತರು. ಮೂರು ವರ್ಷದ ಹಿಂದಿನ ಹಾಗೆಯೇ ನಾನು ಬಡಿಸಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿ. ಅವರ ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಬಂದಿದ್ದವು. ತುತ್ತು ಮಾಡಿ ಬಾಯಿಗೆ ಇಟ್ಟರು, ಅಗಿದರು, ನಿಂತರು. ತಲೆ ಎತ್ತಿ ನನ್ನ ಕಡೆಗೇ, ನನ್ನ ಮುಖವನ್ನೇ ನೋಡಿ, "ಖಾರ ಭಾಳ ಆಗೇತಿ" ಎಂದರು.

ಅಪ್ಪನ ಕೈ ತಾಟಿನಲ್ಲೇ ನಿಂತಿತು. ನಾನು "ಮಸರು ಹಾಕ್ಕೋರಿ" ಎಂದು ಗಡಿಗೆ ಮುಂದೆ ಸರಿಸಿದೆ. "ಹೂಂ" ಎಂದರು. ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ. ಊಟ ಮುಗಿಸಿ, ಕೈ ತೊಳೆದುಕೊಂಡು, ಅಪ್ಪನಿಗೆ ನಮಸ್ಕಾರ ಮಾಡಿ ಅವರು ಬಸ್ಸಿಗೆ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಊರಿನ ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ನಾನು ಗದ್ದೆಯ ಕಡೆ ಮುಖ ಮಾಡಿ ಅಳುತ್ತ ಕುಳಿತೆ. ಗೆದ್ದು ಬರುವವಳು ಯಾಕೆ ಅಳುತ್ತಾಳೆ ಎಂದು ಅವನು ಕೇಳಲಿಲ್ಲ. "ಅವ್ವಗ ಹೇಳೂಣು ಬಿಡು, ಖಾರ ಕಡಿಮಿ ಹಾಕ ಅಂತ" ಎಂದ. ಪಲ್ಯ ಮಾಡಿದ್ದು ಅವ್ವ ಅಲ್ಲ, ನಾನು. ಅವರ ಆ ಮಾತು ನಾಲ್ಕು ವರ್ಷ ಮೊದಲು ನೇರವಾಗಿ ನನಗೇ ಬಂದಿದ್ದರೆ ಇಂದಿಗೂ ನಾನು ಯಲವಿಗಿ ಕಡೆಯ ಆ ಮನೆಯಲ್ಲಿ, ಖಾರ ಕಡಿಮೆ ಹಾಕಿ ಅಡಿಗೆ ಮಾಡುತ್ತಿರುತ್ತಿದ್ದೆ.